ಹಳೆಯ ಸ್ಪೋರ್ಟ್ಸ್ ಕಾರಿಗೆ ಮೊದಲು ಬ್ರೇಕು, ಆಮೇಲೆ ಬಲ

ಮಾನ್ಯ ಸಂಪಾದಕರೇ,

ಹಳೆಯ ಸ್ಪೋರ್ಟ್ಸ್ ಕಾರನ್ನು ಮನೆಯಲ್ಲೇ ರಿಪೇರಿ ಮಾಡಿಕೊಂಡು ಉತ್ತಮಪಡಿಸುವ ಬಗ್ಗೆ ನಿಮ್ಮ ವಾಹನ ಪುರವಣಿಯಲ್ಲಿ ಬಂದ ಲೇಖನವನ್ನು ಗಮನವಿಟ್ಟು ಓದಿದೆ. ಇಂಥ ವಿಷಯಕ್ಕೆ ನೀವು ಜಾಗ ಕೊಟ್ಟಿದ್ದು ನನಗೆ ತುಂಬ ಸಂತೋಷ ಕೊಟ್ಟಿತು. ಆದರೆ ಲೇಖನ ಶುರುವಾಗುವುದೇ ಏರ್ ಫಿಲ್ಟರ್ ಮತ್ತು ಸೈಲೆನ್ಸರ್‌ನಿಂದ. ಎರಡನೆಯ ಪ್ಯಾರಾದಲ್ಲೇ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಬಲ ಹೆಚ್ಚಿಸುವ ಟರ್ಬೊ ಬರುತ್ತದೆ. ಬ್ರೇಕಿನ ಮಾತು ಕೊನೆಯಲ್ಲಿ ಒಂದು ಸಾಲು, ಟೈರಿನ ವಯಸ್ಸಿನ ಮಾತು ಎಲ್ಲಿಯೂ ಇಲ್ಲ. ಲೇಖಕರು ಹೇಳಿದ ಒಂದೊಂದು ಕೆಲಸವೂ ತಪ್ಪಲ್ಲ; ಅವರು ಹೇಳಿದ ಕ್ರಮ ತಪ್ಪು. ಆ ಕ್ರಮವನ್ನು ನಂಬಿ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ, ಅದಕ್ಕಾಗಿ ಈ ಪತ್ರ.

ನಾನು ಯಂತ್ರರೇಖಾಚಿತ್ರ ಕಲಿಸುತ್ತಿದ್ದವಳು. ಈಗ ನಿವೃತ್ತಿಯ ಬಹುಪಾಲು ಸಮಯ ಒಂದು ಮಾಜ್ದಾ ಎಂಎಕ್ಸ್-5ರ ಅಡಿಯಲ್ಲಿ ಕಳೆಯುತ್ತದೆ. ಮೊದಲ ತಲೆಮಾರಿನದು, 1.6 ಲೀಟರ್ ಎಂಜಿನ್, ಬಾನೆಟ್‌ನಿಂದ ಮೇಲೇಳುವ ದೀಪಗಳು. 1989ರಲ್ಲಿ ಷಿಕಾಗೊ ವಾಹನ ಪ್ರದರ್ಶನದಲ್ಲಿ ಇದನ್ನು ಜಗತ್ತಿಗೆ ತೋರಿಸಿದಾಗ ಅದರ ಎಂಜಿನ್ ಶಕ್ತಿ ಸುಮಾರು 115 ಅಶ್ವಶಕ್ತಿ ಮಾತ್ರ. ಆ ಕಾಲಕ್ಕೂ ಅದು ದೊಡ್ಡ ಸಂಖ್ಯೆಯಲ್ಲ. ಕಾರಿನ ತೂಕ ಒಂದು ಟನ್ನಿನ ಆಸುಪಾಸು, ಆ ತೂಕ ಮುಂದಿನ ಹಿಂದಿನ ಚಕ್ರಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಹಂಚಿಕೊಂಡಿದೆ, ನಾಲ್ಕೂ ಚಕ್ರಗಳಿಗೆ, ಮೇಲೊಂದು ಕೆಳಗೊಂದು ತೋಳು ಹಿಡಿಯುವ ಡಬಲ್ ವಿಷ್‌ಬೋನ್ ಸಸ್ಪೆನ್ಷನ್ ಇದೆ. ಇದರ ಸೊಗಸು ಇರುವುದು ತಿರುವಿನಲ್ಲಿ, ಸ್ಟಿಯರಿಂಗ್ ಹೇಳಿದ ಮಾತನ್ನು ಚಕ್ರ ತಕ್ಷಣ ಕೇಳುವುದರಲ್ಲಿ. ಅದನ್ನು ಅರ್ಥಮಾಡಿಕೊಂಡವರು ಅಶ್ವಶಕ್ತಿಯ ಹಿಂದೆ ಮೊದಲ ದಿನವೇ ಓಡುವುದಿಲ್ಲ.

ನನ್ನ ಅಕ್ಕನ ಮಗನೂ ಇಂಥದೇ ಒಂದು ಕಾರನ್ನು ಕೊಂಡು, ಮಾಡಬೇಕಾದ ಕೆಲಸಗಳ ಪಟ್ಟಿ ಹಿಡಿದುಕೊಂಡು ನನ್ನ ಬಳಿಗೆ ಬಂದ. ಟರ್ಬೊ, ಕಾರನ್ನು ನೆಲಕ್ಕೆ ತಗ್ಗಿಸುವ ಗಿಡ್ಡ ಸ್ಪ್ರಿಂಗ್, ಅಗಲದ ಚಕ್ರ, ಹೊಸ ಸ್ಟಿಯರಿಂಗ್. ಅವನ ಉತ್ಸಾಹ ನನಗೆ ಇಷ್ಟವಾಯಿತು. ಆ ಪಟ್ಟಿಯನ್ನು ಪಕ್ಕಕ್ಕಿಟ್ಟು ಇನ್ನೊಂದು ಹಾಳೆ ತೆಗೆದುಕೊಳ್ಳಲು ಹೇಳಿದೆ. ಆ ಹಾಳೆಯ ತಲೆಬರಹ ‘ಈಗ ಏನಿದೆ’. ಯಾವ ಭಾಗ ಎಷ್ಟು ಹಳೆಯದು, ಯಾವುದನ್ನು ಹಿಂದಿನವರು ಯಾವಾಗ ಬದಲಿಸಿದರು, ಯಾವುದಕ್ಕೆ ದಾಖಲೆ ಇದೆ, ಯಾವುದಕ್ಕೆ ಬರೀ ಬಾಯಿಮಾತು. ದಾಖಲೆ ಇಲ್ಲದ್ದನ್ನೆಲ್ಲ ಬದಲಾಗಿಲ್ಲ ಎಂದೇ ಲೆಕ್ಕಹಾಕಬೇಕು. ಮಾರುವವರು ಸುಳ್ಳು ಹೇಳುತ್ತಾರೆಂದಲ್ಲ. ಅವರಿಗೂ ಅವರ ಹಿಂದಿನವರು ಹೇಳಿದ್ದಷ್ಟೇ ಗೊತ್ತಿರುತ್ತದೆ.

ಕಡಿಮೆ ಓಡಿದ ಕಾರು ಎಂದ ಕೂಡಲೇ ಜನ ನಿಶ್ಚಿಂತರಾಗುತ್ತಾರೆ. ಮೂವತ್ತು ವರ್ಷದ ಕಾರಿನಲ್ಲಿ ಕಿಲೋಮೀಟರಿಗಿಂತ ವರ್ಷ ಹೆಚ್ಚು ಹಾಳುಮಾಡುತ್ತದೆ. ರಬ್ಬರ್ ನಿಂತಲ್ಲೇ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಟೈರಿನ ಮೇಲೆ ಹಲ್ಲು ಪೂರ್ತಿ ಇದ್ದರೂ ಅದರ ಪಕ್ಕದ ಗೋಡೆಯಲ್ಲಿರುವ ನಾಲ್ಕು ಅಂಕೆಗಳನ್ನು ಓದಬೇಕು: 2309 ಎಂದಿದ್ದರೆ ಅದು 2009ರ 23ನೇ ವಾರದಲ್ಲಿ ತಯಾರಾದದ್ದು. ಅಂಥ ಟೈರಿನ ಮೇಲೆ ತಿರುವಿನಲ್ಲಿ ವೇಗ ಹಾಕುವ ಕಾರಿಗೆ ಇನ್ನಷ್ಟು ಬಲ ಕೊಡುವ ಯೋಚನೆಯೇ ನನಗೆ ಭಯ ತರುತ್ತದೆ. ಪೆಟ್ರೋಲ್ ಹೋಸ್‌ಗಳನ್ನೂ ಬಗ್ಗಿಸಿ ನೋಡಬೇಕು. ಎಥನಾಲ್ ಬೆರೆತ ಇಂಧನವನ್ನು ತಡೆದುಕೊಳ್ಳಲೆಂದು ಹಳೆಯ ರಬ್ಬರ್‌ಗಳೆಲ್ಲ ತಯಾರಾದವಲ್ಲ. ಬಿಸಿ ಎಂಜಿನ್ನಿನ ಪಕ್ಕದಲ್ಲಿ ಒಂದು ಹನಿ ಸೋರಿದರೂ ಅದು ಬೆಂಕಿಯ ವಿಷಯ.

ಇನ್ನು ಬ್ರೇಕ್. ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಮನೆಯಲ್ಲೇ ಮಾಡುವವರಿಗೆ ಇದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಇನ್ನೊಂದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಬೇಕಾದ ಕನಿಷ್ಠ ಉಷ್ಣತೆ 230 ಡಿಗ್ರಿ ಸೆಲ್ಸಿಯಸ್. ಅದೇ ಆಯಿಲ್ ಶೇ 3.7ರಷ್ಟು ನೀರು ಹೀರಿಕೊಂಡಾಗ ಮಾನದಂಡ ಬೇಡುವ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಪದೇ ಪದೇ ಬ್ರೇಕ್ ತುಳಿದಾಗ, ಪ್ಯಾಡುಗಳನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರ್‌ನೊಳಗೆ ಆ ನೀರು ಆವಿಯಾಗುತ್ತದೆ; ಆವಿಯನ್ನು ಒತ್ತಬಹುದು, ಹಾಗಾಗಿ ಪೆಡಲ್ ನೆಲಕ್ಕೆ ಇಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕೆನ್ನುವುದು ಇದಕ್ಕೆ. ಸಿಲಿಕೋನ್‌ನಿಂದ ಮಾಡಿದ ಡಾಟ್ 5 ಬೇರೆಯದೇ ವಸ್ತು, ಅದನ್ನು ಇದಕ್ಕೆ ಬೆರೆಸಲೇಬಾರದು, ಡಾಟ್ 5.1 ಎಂದರೆ ಡಾಟ್ 4ರ ಬಳಗದ್ದೇ. ಡಬ್ಬಿಯ ಮೇಲಿನ ಆ ಒಂದು ಚುಕ್ಕಿ ಮತ್ತು ಅಂಕೆಯನ್ನು ಓದದೆ ಮುಚ್ಚಳ ತೆರೆಯಬೇಡಿ.

ನಾಲ್ಕು ಹೊಸ ಬ್ರೇಕ್ ಹೋಸ್, ಒಳ್ಳೆಯ ಪ್ಯಾಡ್, ಹೊಸ ಆಯಿಲ್, ಸರಾಗವಾಗಿ ಜಾರುವ ಕ್ಯಾಲಿಪರ್ ಪಿನ್ನುಗಳು. ಇಷ್ಟಾದರೆ ಪೆಡಲ್ ಕಾಲಿಗೆ ಕೊಡುವ ಉತ್ತರವೇ ಬೇರೆ. ನನ್ನ ಕಾರಿನ ಮಾದರಿಯಲ್ಲಿ ಹಿಂದಿನ ಕ್ಯಾಲಿಪರ್‌ನ ಪಿಸ್ಟನ್ನನ್ನು ಮುಂದಿನದರಂತೆ ಅದುಮಿ ಒಳಕ್ಕೆ ಕಳಿಸುವ ಹಾಗಿಲ್ಲ. ಹ್ಯಾಂಡ್‌ಬ್ರೇಕಿನ ಯಾಂತ್ರಿಕ ಭಾಗ ಅದರೊಳಗೇ ಇದೆ. ಹಿಂಬದಿಯ ಚಿಕ್ಕ ಬೋಲ್ಟನ್ನು ತೆಗೆದು, ಒಳಗಿನ ಸ್ಕ್ರೂವನ್ನು ಅಲೆನ್ ಕೀಲಿಯಿಂದ ತಿರುಗಿಸಿ ಪಿಸ್ಟನ್ನನ್ನು ಹಿಂದಕ್ಕೆ ತರಬೇಕು. ಇದನ್ನು ತಿಳಿಯದೆ ಕ್ಲಾಂಪ್ ಹಾಕಿ ಬಲವಂತ ಮಾಡಿ ಕೆಡಿಸಿದ ಕ್ಯಾಲಿಪರ್‌ಗಳನ್ನು ನೋಡಿದ್ದೇನೆ. ಕಾರ್ಖಾನೆಯ ಸರ್ವಿಸ್ ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿ ಇದೆ. ಯಾವುದೇ ಕಾರು ಕೊಂಡರೂ ಮೊದಲ ಖರ್ಚು ಆ ಕೈಪಿಡಿಯದ್ದಾಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಇನ್ನೊಂದು ಎಚ್ಚರಿಕೆ: ಹಳೆಯ ಪ್ಯಾಡ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇರುವುದರಿಂದ ಬ್ರೇಕಿನ ದೂಳನ್ನು ಗಾಳಿಯಿಂದ ಊದಬಾರದು, ಒದ್ದೆ ಮಾಡಿ ಒರೆಸಬೇಕು.

ಕಾರಿನಡಿಗೆ ಹೋಗುವ ಮುನ್ನ ಅದನ್ನು ಎತ್ತುವುದನ್ನು ಕಲಿಯಬೇಕು. ನಿಮ್ಮ ಲೇಖನದ ಜೊತೆಗಿದ್ದ ಚಿತ್ರದಲ್ಲಿ ಕಾರು ಬರೀ ಜಾಕಿನ ಮೇಲೆ ನಿಂತಿತ್ತು. ದಯವಿಟ್ಟು ಅಂಥ ಚಿತ್ರವನ್ನು ಇನ್ನೊಮ್ಮೆ ಹಾಕಬೇಡಿ. ಜಾಕ್ ಇರುವುದು ಎತ್ತುವುದಕ್ಕೆ. ಹೊರುವುದಕ್ಕೆ ಸ್ಟ್ಯಾಂಡ್ ಬೇಕು, ನೆಲ ಗಟ್ಟಿಯಾಗಿ ಸಮತಟ್ಟಾಗಿರಬೇಕು, ನೆಲದಲ್ಲಿರುವ ಚಕ್ರಗಳಿಗೆ ಅಡ್ಡಕಟ್ಟೆ ಕೊಡಬೇಕು. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಕಾರನ್ನು ಕೈಯಿಂದ ಬಲವಾಗಿ ಅಲ್ಲಾಡಿಸಿ ನೋಡಬೇಕು. ಬೀಳುವುದಿದ್ದರೆ ನಾವು ಹೊರಗಿರುವಾಗಲೇ ಬೀಳಲಿ. ಮುಂದೆ ಅಡ್ಡತೊಲೆಯ ನಡುವೆ, ಹಿಂದೆ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಕೆಳಗೆ ಜಾಕ್ ಕೊಡಬಹುದು. ಬಾಗಿಲ ಕೆಳಗಿನ ತಗಡಿನ ಅಂಚಿಗೆ ಎಲ್ಲೆಂದರಲ್ಲಿ ಕೊಟ್ಟರೆ ಅಂಚು ಮಡಚಿಕೊಂಡು, ಬಣ್ಣ ಒಡೆದು, ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.

ತುಕ್ಕಿನ ವಿಷಯ ಬಂದಿದ್ದರಿಂದ ಹೇಳುತ್ತೇನೆ, ಮಡಚುವ ಬಟ್ಟೆಯ ಛಾವಣಿಯ ಈ ಕಾರಿನಲ್ಲಿ ಮಳೆನೀರು ಸೀಟುಗಳ ಹಿಂದಿನ ಎರಡು ಕೊಳವೆಗಳ ಮೂಲಕ ಕೆಳಗೆ ಹರಿದುಹೋಗಬೇಕು. ಕಸ ಕಟ್ಟಿಕೊಂಡರೆ ನೀರು ಒಳಗೇ ನಿಂತು, ಹಿಂದಿನ ಚಕ್ರದ ಮುಂದಿರುವ ಪೆಟ್ಟಿಗೆಯಂಥ ಭಾಗವನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಮೆತ್ತನೆಯ ತಂತಿ ಅಥವಾ ಸಣ್ಣ ನೈಲಾನ್ ಬ್ರಷ್‌ನಿಂದ ಆ ಕೊಳವೆಗಳನ್ನು ಬಿಡಿಸುವುದಕ್ಕೆ ಖರ್ಚೇ ಇಲ್ಲ. ಟರ್ಬೊಕ್ಕಿಂತ ಹೆಚ್ಚು ಕಾರುಗಳನ್ನು ಈ ಒಂದು ಕೆಲಸ ಉಳಿಸುತ್ತದೆ ಎಂದು ನಾನು ನಂಬುತ್ತೇನೆ.

ಉಪಕರಣಗಳ ಬಗ್ಗೆ ಉದ್ದ ಹೇಳುವುದಿಲ್ಲ. ಬೋಲ್ಟನ್ನು ಎಷ್ಟು ಬಿಗಿದೆವೆಂದು ಅಳೆದು ತೋರಿಸುವ ಒಂದು ಒಳ್ಳೆಯ ಟಾರ್ಕ್ ರೆಂಚ್, ಬ್ರೇಕ್ ಪೈಪಿನ ನಟ್ಟುಗಳನ್ನು ಸುತ್ತಲೂ ಹಿಡಿಯುವ ಪಾನಾ, ಮತ್ತು ಜಪಾನಿನ ಕಾರಾದರೆ ಜಪಾನಿನ ಕೈಗಾರಿಕಾ ಮಾನದಂಡದ ಸ್ಕ್ರೂಡ್ರೈವರ್. ಈ ಮೂರನೆಯದು ಹೆಚ್ಚಿನವರಿಗೆ ಗೊತ್ತಿಲ್ಲ. ಆ ಕಾರುಗಳ ನಕ್ಷತ್ರ ಸ್ಕ್ರೂಗಳು ನೋಡಲು ಫಿಲಿಪ್ಸ್‌ನಂತೆಯೇ ಕಂಡರೂ ಕುಳಿಯ ಆಕಾರ ಬೇರೆ. ಫಿಲಿಪ್ಸ್ ತುದಿ ಅದರೊಳಗೆ ಪೂರ್ತಿ ಕೂರದೆ ಜಾರಿ ಎದ್ದು, ಸ್ಕ್ರೂವಿನ ತಲೆಯನ್ನು ಸವೆಸಿಬಿಡುತ್ತದೆ. ಜನ ಸ್ಕ್ರೂವನ್ನು ದೂರುತ್ತಾರೆ.

ಎಂಜಿನ್ ವಿಷಯದಲ್ಲಿ ಮೊದಲ ಪ್ರಶ್ನೆ, ಪಿಸ್ಟನ್ ನಡೆಸುವ ಕ್ರ್ಯಾಂಕಿಗೂ ವಾಲ್ವ್ ತೆರೆಯುವ ಕ್ಯಾಮ್‌ಗೂ ತಾಳ ಕೂಡಿಸುವ ಟೈಮಿಂಗ್ ಬೆಲ್ಟಿನದು. ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ತಗಲುತ್ತವೆಯೇ? ನನ್ನ 1.6 ಲೀಟರ್ ಎಂಜಿನ್ನಿನಲ್ಲಿ ತಗಲುವುದಿಲ್ಲ. ಕಾರು ದಾರಿಯಲ್ಲಿ ನಿಲ್ಲುತ್ತದೆ, ಅಷ್ಟೆ. ಪೋರ್ಷ 944ರಲ್ಲಿ ತಗಲುತ್ತವೆ, ಎಂಜಿನ್ ಬಿಚ್ಚುವ ಹಾಗಾಗುತ್ತದೆ. ಆದ್ದರಿಂದ 944 ಕೊಂಡವರು ಬೆಲ್ಟಿನ ದಾಖಲೆ ಕೈಗೆ ಸಿಗುವವರೆಗೆ ಕಾರನ್ನು ಚಾಲೂ ಮಾಡಲೂ ಬಾರದು ಎನ್ನುವ ಮಟ್ಟಿಗೆ ನಾನು ಕಟ್ಟುನಿಟ್ಟು. ಎಂಎಕ್ಸ್-5ಕ್ಕೆ ಕೈಪಿಡಿ ಹೇಳುವ ಅವಧಿ 60,000 ಮೈಲಿ, ಅಂದರೆ ಸುಮಾರು 96,000 ಕಿಲೋಮೀಟರ್.

ಬೆಲ್ಟ್ ತೆಗೆಯುವಷ್ಟು ಬಿಚ್ಚಿದ ಮೇಲೆ ನೀರಿನ ಪಂಪ್, ಬೆಲ್ಟನ್ನು ಬಿಗಿಯಾಗಿ ದಾರಿಯಲ್ಲಿಡುವ ಟೆನ್ಷನರ್ ಮತ್ತು ಐಡ್ಲರ್, ಕ್ಯಾಮ್ ಮತ್ತು ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲ್‌ಗಳು ಎದುರಿಗೇ ಇರುತ್ತವೆ. ಅವುಗಳನ್ನೂ ಆಗಲೇ ಬದಲಿಸದಿದ್ದರೆ ಇಡೀ ಶ್ರಮವನ್ನು ಮತ್ತೆ ಪಡಬೇಕಾಗುತ್ತದೆ. ಹೊಸ ಬೆಲ್ಟ್ ಕೂರಿಸುವಾಗ ಎರಡು ಕ್ಯಾಮ್ ಪುಲ್ಲಿಗಳ ಮೇಲಿನ ಐ (ಇನ್‌ಟೇಕ್) ಮತ್ತು ಇ (ಎಕ್ಸಾಸ್ಟ್) ಗುರುತುಗಳ ನಡುವೆ ಬೆಲ್ಟಿನ 19 ಹಲ್ಲು ಬರಬೇಕು. ಆಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡುತ್ತವೆಯೇ ಎಂದು ನೋಡಿದ ನಂತರವೇ ಮುಚ್ಚಳ ಮುಚ್ಚುವುದು. ಆರಂಭದ ವರ್ಷಗಳ 1.6 ಎಂಜಿನ್ನುಗಳಲ್ಲಿ ಕ್ರ್ಯಾಂಕಿನ ಮೂತಿ ಗಿಡ್ಡ. ಅಲ್ಲಿನ ಬೋಲ್ಟ್ ಅಂದಾಜಿನಲ್ಲಿ ಬಿಗಿದರೆ ಪುಲ್ಲಿಯನ್ನು ಜಾರದಂತೆ ಹಿಡಿಯುವ ಕೀಲಿಯ ಕುಳಿ ಸವೆದು ಪುಲ್ಲಿ ಓಲಾಡತೊಡಗುತ್ತದೆ, ಕ್ರ್ಯಾಂಕೇ ಹಾಳಾಗುತ್ತದೆ. ಟಾರ್ಕ್ ರೆಂಚ್ ಬೇಕೆಂದು ನಾನು ಹಟ ಹಿಡಿಯುವುದು ಇಂಥ ಕಡೆಗಳಿಗಾಗಿ.

ಈಗ ನಿಮ್ಮ ಲೇಖಕರು ಅಷ್ಟು ಸಲೀಸಾಗಿ ಹೇಳಿದ ಟರ್ಬೊಕ್ಕೆ ಬರುತ್ತೇನೆ. ಈ ಎಂಜಿನ್ ಮೂಲತಃ ಮುಂಚಕ್ರ ಚಾಲನೆಯ ಕಾರಿನಲ್ಲಿ ಅಡ್ಡಡ್ಡ ಕೂರುವಂತೆ ತಯಾರಾದ ವಂಶದ್ದು. ಎಂಎಕ್ಸ್-5ರಲ್ಲಿ ಅದನ್ನು ಉದ್ದುದ್ದ ಕೂರಿಸಿದಾಗ ನೀರು ಬಿಸಿಯಾದಾಗ ರೇಡಿಯೇಟರ್‌ಗೆ ದಾರಿ ಬಿಡುವ ಥರ್ಮೋಸ್ಟಾಟ್ ಎಂಜಿನ್ನಿನ ಮುಂಭಾಗಕ್ಕೆ ಬಂತು. ಪಂಪ್ ಕೂಡ ಮುಂದೆಯೇ ಇದೆ. ಹಾಗಾಗಿ ರೇಡಿಯೇಟರ್‌ಗೆ ಹೋಗುವ ನೀರು ಹಿಂದಿನ ಸಿಲಿಂಡರ್‌ಗಳವರೆಗೆ ಪೂರ್ತಿ ಸುತ್ತಿ ಬರುವುದಿಲ್ಲ. ಕಾರ್ಖಾನೆಯ ಬಲಕ್ಕೆ ಅದು ಸಾಕು. ಟರ್ಬೊ ಕೂರಿಸಿ ಶಾಖ ಹೆಚ್ಚಿಸಿದಾಗ ಹಿಂದಿನ ಸಿಲಿಂಡರ್ ಮೊದಲು ನರಳುತ್ತದೆ. ಅದಕ್ಕೇ ಟರ್ಬೊ ಹಾಕುವ ಅನುಭವಿಗಳು ನೀರಿನ ದಾರಿಯನ್ನೇ ಬದಲಿಸಿ ಥರ್ಮೋಸ್ಟಾಟನ್ನು ಹಿಂದಕ್ಕೆ ಒಯ್ಯುತ್ತಾರೆ. ಇನ್ನು ರೇಡಿಯೇಟರ್‌ನ ಮೇಲಿನ ಪ್ಲಾಸ್ಟಿಕ್ ತೊಟ್ಟಿ ಹೊಸದರಲ್ಲಿ ಕಪ್ಪು, ವಯಸ್ಸಾದಂತೆ ಕಂದಾಗಿ ಪೆಡಸಾಗುತ್ತದೆ. ಕಂದು ಬಣ್ಣದ ರೇಡಿಯೇಟರ್ ಇಟ್ಟುಕೊಂಡು ಟರ್ಬೊ ಹಾಕಿಸಲು ಹೊರಟವರನ್ನು ಯಾರಾದರೂ ತಡೆಯಲೇಬೇಕು. ಹೊಸ ರೇಡಿಯೇಟರ್, ಹೋಸ್, ಮುಚ್ಚಳ, ಥರ್ಮೋಸ್ಟಾಟ್, ಹೊಸ ಕೂಲೆಂಟ್, ಗಾಳಿಯ ಗುಳ್ಳೆ ಉಳಿಯದಂತೆ ನಿಧಾನವಾಗಿ ತುಂಬುವುದು. ಇದೂ ಕಾರಿಗೆ ಮಾಡುವ ಉನ್ನತೀಕರಣವೇ, ಸದ್ದು ಮಾಡುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ನನಗೆ ಅತ್ಯಂತ ಪ್ರಿಯವಾದ ಕೆಲಸ ಯಾವುದೆಂದು ಕೇಳಿದರೆ ಗೇರ್ ಲಿವರ್‌ನದು. ಐದು ಗೇರಿನ ಈ ಗೇರ್‌ಬಾಕ್ಸಿನಲ್ಲಿ ಲಿವರ್ ಕೂರುವ ಗೂಡಿಗೆ ಅದರದೇ ಸ್ವಲ್ಪ ಆಯಿಲ್ ಇದೆ. ಹೆಚ್ಚಿನ ಹಳೆಯ ಕಾರುಗಳಲ್ಲಿ ಅದು ಬತ್ತಿಯೋ ಕೆಸರಾಗಿಯೋ ಇರುತ್ತದೆ. ಮೇಲಿನ ರಬ್ಬರ್ ಗವುಸು ಹರಿದು ಬಿಸಿಗಾಳಿ ನೇರ ಕಾರಿನೊಳಗೆ ನುಗ್ಗುತ್ತಿರುತ್ತದೆ. ಲಿವರ್ ಬಿಚ್ಚಿ, ಗೂಡನ್ನು ಶುಚಿಮಾಡಿ, ಹೊಸ ಆಯಿಲ್, ಹೊಸ ಗವುಸು, ಸವೆದ ಬುಷ್‌ಗೆ ಬದಲಾಗಿ ಹೊಸದು ಹಾಕಿದರೆ ಮಜ್ಜಿಗೆಯಲ್ಲಿ ಕಡೆಗೋಲು ಆಡಿಸಿದಂತಿದ್ದ ಗೇರು ಟಕ್ಕೆಂದು ಬೀಳುತ್ತದೆ. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ, ಮೊದಲ ಸಲ ಮಾಡುವವರೂ ಮಾಡಬಹುದು. ನನ್ನ ಅಕ್ಕನ ಮಗ ತನ್ನ ಕೈಯಾರೆ ಮಾಡಿದ ಮೊದಲ ಕೆಲಸ ಇದೇ. ಆ ಸಂಜೆ ಕಾರು ಓಡಿಸಿಕೊಂಡು ಬಂದವನ ಮುಖ ನೋಡಬೇಕಿತ್ತು. ಗೇರ್‌ಬಾಕ್ಸಿನ ಆಯಿಲ್ ಆರಿಸುವಾಗ ಮಾತ್ರ ಕೈಪಿಡಿ ಹೇಳಿದ ದರ್ಜೆಯನ್ನೇ ಹಾಕಿ. ಜಿಎಲ್-5 ಎಂದರೆ ಜಿಎಲ್-4ಕ್ಕಿಂತ ಒಂದು ಅಂಕೆ ಹೆಚ್ಚು, ಆದ್ದರಿಂದ ಉತ್ತಮ ಎಂದು ಭಾವಿಸುವವರಿದ್ದಾರೆ. ಡಿಫರೆನ್ಷಿಯಲ್ ಹಲ್ಲುಗಳಿಗಾಗಿ ಅದರಲ್ಲಿ ಸೇರಿಸುವ ಗಂಧಕ, ರಂಜಕದ ಅಂಶಗಳು ಗೇರು ಬೀಳುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ಉಂಗುರಗಳಿಗೆ ಹಾನಿ ಮಾಡಬಲ್ಲವು.

ಸಸ್ಪೆನ್ಷನ್‌ನಲ್ಲಿ ಹೊಸ ಶಾಕ್ ಅಬ್ಸಾರ್ಬರ್ ಮತ್ತು ಹೊಸ ರಬ್ಬರ್ ಬುಷ್ ಹಾಕಿ ಓಡಿಸಿದವರಿಗೆ, ತಾವು ಇದುವರೆಗೆ ಓಡಿಸಿದ್ದು ಈ ಕಾರನ್ನೇ ಅಲ್ಲ ಎನಿಸುತ್ತದೆ. ಬುಷ್‌ಗಳ ಬೋಲ್ಟನ್ನು ಕೊನೆಯದಾಗಿ ಬಿಗಿಯುವುದು ಕಾರಿನ ತೂಕ ಚಕ್ರಗಳ ಮೇಲೆ ಕೂತಾಗ. ಚಕ್ರ ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ, ಕಾರು ಕೆಳಗಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕಾರನ್ನು ತೀರ ತಗ್ಗಿಸಿದರೆ ಸಸ್ಪೆನ್ಷನ್ನಿಗೆ ಆಡಲು ಜಾಗ ಉಳಿಯುವುದಿಲ್ಲ. ತಿರುವಿನ ನಡುವೆ ತಡೆರಬ್ಬರ್‌ಗೆ ಬಡಿದು ಚಕ್ರ ಹಿಡಿತ ಬಿಡುತ್ತದೆ. ಚಕ್ರ ಬದಲಿಸುವವರು ಪೆನ್ಸಿಲ್ ಹಿಡಿದು ಒಂದು ಲೆಕ್ಕ ಮಾಡಲಿ. ಮೂಲ ಟೈರ್ 185/60 ಆರ್ 14, ಅಂದರೆ ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ 60, ಒಳಗಿನ ಚಕ್ರ 14 ಇಂಚು. ಅದರ ಒಟ್ಟು ವ್ಯಾಸ ಸುಮಾರು 577.6 ಮಿಲಿಮೀಟರ್. 195/50 ಆರ್ 15 ಹಾಕಿದರೆ 576. ಎರಡು ಮಿಲಿಮೀಟರ್ ವ್ಯತ್ಯಾಸವೂ ಇಲ್ಲ, ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಹೊಸ ಚಕ್ರ ಹಗುರವಾಗಿದ್ದರೆ ಲಾಭವೇ. ಅದಕ್ಕಿಂತ ದೊಡ್ಡ, ಭಾರದ ಚಕ್ರ ಈ ಹಗುರ ಕಾರಿನ ಚುರುಕನ್ನೇ ಕೊಲ್ಲುತ್ತದೆ.

ಯೋಜನೆ ಹಾಕುವಾಗ ಕೆಲಸಗಳನ್ನು ಯಾವುದು ಯಾವುದರ ಜೊತೆ ಬಿಚ್ಚಿಕೊಳ್ಳುತ್ತದೆ ಎಂಬ ಲೆಕ್ಕದಲ್ಲಿ ಜೋಡಿಸಬೇಕು. ಕ್ಲಚ್ ಪ್ಲೇಟಿಗಾಗಿ ಗೇರ್‌ಬಾಕ್ಸ್ ಇಳಿಸಿದ ದಿನವೇ ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಎಂಜಿನ್ನಿನ ಹಿಂದಿನ ಆಯಿಲ್ ಸೀಲ್, ಆಯಿಲ್ ಒತ್ತಡದಿಂದ ಕ್ಲಚ್ಚನ್ನು ಬಿಡಿಸುವ, ಸೋರುವುದಕ್ಕೆ ಹೆಸರಾದ ಕ್ಲಚ್ ಸ್ಲೇವ್ ಸಿಲಿಂಡರ್ ಎಲ್ಲವೂ ಆಗಬೇಕು. ಭಾಗಗಳು ಕೈಗೆ ಬರದೆ ಒಂದು ಬೋಲ್ಟನ್ನೂ ಬಿಚ್ಚಬಾರದು. ಅರ್ಧ ಬಿಚ್ಚಿ ತಿಂಗಳುಗಟ್ಟಲೆ ನಿಂತ ಕಾರು ಬಹಳ ಸಲ ಹಾಗೆಯೇ ಮಾರಾಟವಾಗುತ್ತದೆ, ಬೋಲ್ಟುಗಳು ಒಂದು ಡಬ್ಬಿಯಲ್ಲಿ. ಬಿಚ್ಚುವ ಮುನ್ನ ಫೋಟೊ, ಬಿಚ್ಚಿದ ಪ್ರತಿ ಬೋಲ್ಟಿಗೆ ಹೆಸರು ಬರೆದ ಚೀಲ. ಹೀಗೆ ಒಟ್ಟಿಗೆ ಬಿಚ್ಚಿಕೊಳ್ಳುವ ಭಾಗಗಳನ್ನು ಬಿಟ್ಟರೆ, ಒಂದೇ ಸಲಕ್ಕೆ ಒಂದೇ ಬದಲಾವಣೆ ಮಾಡಿ ಓಡಿಸಿ ನೋಡುವುದೂ ಮುಖ್ಯ. ಒಟ್ಟಿಗೆ ಹತ್ತು ಬದಲಿಸಿದರೆ ಹೊಸದಾಗಿ ಕೇಳುವ ಸದ್ದು ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಮನೆಯಲ್ಲಿ ಮಾಡಬಾರದ ಕೆಲಸಗಳೂ ಇವೆ, ಅವನ್ನು ಹೇಳದ ಲೇಖನ ಅಪೂರ್ಣ. ಏರ್‌ಬ್ಯಾಗ್, ತುಕ್ಕು ತಿಂದ ಚೌಕಟ್ಟಿನ ವೆಲ್ಡಿಂಗ್, ಕೊನೆಯ ವೀಲ್ ಅಲೈನ್‌ಮೆಂಟ್, ಇವು ತಜ್ಞರಿಗೆ. ಅದುಮಿದ ಸ್ಪ್ರಿಂಗಿನೊಳಗೆ ಕೈ ಮುರಿಯುವಷ್ಟು ಬಲ ಅಡಗಿರುತ್ತದೆ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಸರಿಯಾದ ಕಂಪ್ರೆಸರ್ ಇಲ್ಲದವರು ಅದನ್ನು ಮುಟ್ಟಲೇಬಾರದು. ಬಳಸಿದ ಆಯಿಲ್, ಕೂಲೆಂಟುಗಳನ್ನು ಚರಂಡಿಗೆ ಸುರಿಯದೆ, ಮುಚ್ಚಳದ ಡಬ್ಬಿಗಳಲ್ಲಿ ಬೇರೆ ಬೇರೆಯಾಗಿ ತುಂಬಿ ಮರುಬಳಕೆಗೆ ಕೊಡಬೇಕು. ಕೂಲೆಂಟ್ ಸಿಹಿಯಾಗಿರುತ್ತದೆ, ವಿಷವೂ ಹೌದು, ನಾಯಿ ಬೆಕ್ಕುಗಳು ನೆಕ್ಕುತ್ತವೆ.

ನಾನು ಬಲ ಹೆಚ್ಚಿಸುವುದಕ್ಕೆ ವಿರೋಧಿಯಲ್ಲ. ಇಷ್ಟೆಲ್ಲ ಆಗಿ, ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆಂದು ಅಳೆಯುವ ಕಂಪ್ರೆಷನ್ ಪರೀಕ್ಷೆಯಲ್ಲಿ ನಾಲ್ಕೂ ಸಿಲಿಂಡರ್‌ಗಳ ಅಂಕೆ ಒಂದಕ್ಕೊಂದು ಹತ್ತಿರವಿದ್ದು, ಕಾರು ಬಿಸಿಲಿನಲ್ಲೂ ಬಿಸಿಯಾಗದೆ ಓಡುತ್ತಿದ್ದರೆ, ಟರ್ಬೊ ಹಾಕಲಿ. ಇಂಧನ ಮತ್ತು ಇಗ್ನಿಷನ್ ಹೊಂದಾಣಿಕೆಯನ್ನು ಬಲ್ಲವರಿಂದ ಮಾಡಿಸಲಿ. ನನ್ನ ಅಕ್ಕನ ಮಗನ ಪಟ್ಟಿಯಲ್ಲಿ ಅದು ಇನ್ನೂ ಇದೆ, ಕೊನೆಯ ಪುಟದಲ್ಲಿ. ಮೂಲ ಭಾಗಗಳು ಸಿಗುವುದಿಲ್ಲ ಎಂಬ ನೆಪ ಈ ಕಾರಿನ ಮಟ್ಟಿಗೆ ದುರ್ಬಲ. ಮಾಜ್ದಾ ಸಂಸ್ಥೆಯೇ 2017ರಲ್ಲಿ ಮೊದಲ ತಲೆಮಾರಿನ ಕಾರುಗಳ ಪುನರುಜ್ಜೀವನ ಯೋಜನೆಯನ್ನು ಜಪಾನಿನಲ್ಲಿ ಪ್ರಕಟಿಸಿ, ನಿಂತುಹೋಗಿದ್ದ ಭಾಗಗಳಲ್ಲಿ ಹಲವನ್ನು ಮತ್ತೆ ತಯಾರಿಸತೊಡಗಿತು. ಮೂಲ ಅಳತೆಯ ಟೈರ್ ಕೂಡ ಅದರ ಭಾಗವಾಗಿ ಮರಳಿ ಬಂತು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಈ ಲೇಖನಮಾಲೆಯ ಮುಂದಿನ ಕಂತನ್ನು ಬ್ರೇಕ್, ಟೈರ್ ಮತ್ತು ಕಾರನ್ನು ಸುರಕ್ಷಿತವಾಗಿ ಎತ್ತುವ ಬಗೆಗೆ ಮೀಸಲಿಡಿ. ಸ್ಟ್ಯಾಂಡಿನ ಮೇಲೆ ನಿಂತ ಕಾರಿನ ಚಿತ್ರ ಹಾಕಿ. ಜೊತೆಗೆ, ಕೈಪಿಡಿಯಲ್ಲಿನ ಟಾರ್ಕ್ ಪಟ್ಟಿಯನ್ನು ಓದುವುದು ಹೇಗೆಂದು ಒಂದು ಚಿಕ್ಕ ಚೌಕಟ್ಟಿನಲ್ಲಿ ವಿವರಿಸಿದರೆ ಹೊಸಬರಿಗೆ ಬಹಳ ಅನುಕೂಲ. ಅದಕ್ಕೆ ರೇಖಾಚಿತ್ರಗಳು ಬೇಕಿದ್ದರೆ ನಾನು ಬರೆದುಕೊಡಲು ಸಿದ್ಧಳಿದ್ದೇನೆ.

ಇತಿ,
ತಮ್ಮ ವಿಶ್ವಾಸಿ,
ಯಂತ್ರರೇಖಾಚಿತ್ರದ ಒಬ್ಬ ನಿವೃತ್ತ ಅಧ್ಯಾಪಕಿ